ಮಾನೇಸರ್ ಕಾಲೇಜಿನ ಆರು ಬಿಳಿ ಕೋಟುಗಳು

ಇದನ್ನು ಹೇಳುವಷ್ಟು ಓದು ನನಗಿಲ್ಲ, ಕ್ಷಮಿಸಬೇಕು. ಹಗಲು ಗುಮಾಸ್ತಳಾಗಿ ದುಡಿದು, ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮಾಡಿದವಳು ನಾನು. ಜೀವಶಾಸ್ತ್ರದ ಪದವಿಯ ಬಗ್ಗೆ ಮಾತಾಡಲು ನಾನ್ಯಾರು? ಆದರೂ ನಮ್ಮ ಉಳಿತಾಯ ಗುಂಪಿನವರು, "ವಾಸಂತಿ, ನೀನು ಕಣ್ಣಾರೆ ಕಂಡಿದ್ದೀಯ, ಬರೆದುಕೊಡು" ಎಂದರು. ಎಲ್ಲಾದರೂ ತಪ್ಪಿದ್ದರೆ ಅದು ನನ್ನದೇ.

ಅದು 2006ರ ಜೂನ್. ಕರೋಲ್ ಬಾಗಿನಲ್ಲಿ ಹೋಟೆಲ್ ನಡೆಸುವ ವಿಠಲಣ್ಣನ ಮಗಳು ನಿರೀಕ್ಷಾಳಿಗೆ ಹನ್ನೆರಡನೇ ತರಗತಿಯಲ್ಲಿ ಶೇಕಡಾ ಎಪ್ಪತ್ತಾರು ಅಂಕ ಬಂದಿತ್ತು. ಅವಳಿಗೆ ಜೀವಶಾಸ್ತ್ರವೇ ಬೇಕು. ಅಷ್ಟರಲ್ಲಿ ಮಾನೇಸರ್ ಹತ್ತಿರದ ಒಂದು ಖಾಸಗಿ ಕಾಲೇಜಿನ ಬಣ್ಣದ ಪುಸ್ತಿಕೆ ಮನೆಗೆ ಬಂತು. ಮುಖಪುಟದಲ್ಲಿ ಬಿಳಿ ಕೋಟಿನ ಹುಡುಗಿಯೊಬ್ಬಳು ನಗುತ್ತಿದ್ದಳು. ಕೆಳಗೆ, "ಮೊದಲ ಸಂಬಳ ತಿಂಗಳಿಗೆ ಇಪ್ಪತ್ತೈದು ಸಾವಿರ" ಎಂದಿತ್ತು. ಮೂರು ವರ್ಷದ ಬಿ.ಎಸ್ಸಿ.ಗೆ ಹಾಸ್ಟೆಲ್ ಸೇರಿ ಮೂರೂವರೆ ಲಕ್ಷ. ಬ್ಯಾಂಕ್ ಸಾಲದ ಅರ್ಜಿಯನ್ನು ಕಾಲೇಜಿನವರೇ ತುಂಬಿಕೊಡುತ್ತಿದ್ದರು.

"ಕಂತು ಎಷ್ಟು ಬರ್ತದೆ ಅಂತ ಕೇಳಿದ್ರಾ?" ಎಂದೆ.

"ಅದೆಲ್ಲ ಕೆಲಸ ಸಿಕ್ಕಿದ ಮೇಲೆ ಅಲ್ವಾ ವಾಸಂತಕ್ಕ? ಇಪ್ಪತ್ತೈದು ಸಾವಿರದಲ್ಲಿ ಕಂತು ಕಟ್ಟಿ, ನಿಮಗೂ ಒಂದು ಸೀರೆ ತರ್ತಾಳೆ ಬಿಡಿ!" ಎಂದು ವಿಠಲಣ್ಣ ನಕ್ಕರು.

ನಾನು ಅವರ ಹೋಟೆಲಿನ ಒಂದು ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ನಂಬಿಕೆ ಬಾರದೆ ಇನ್ನೊಮ್ಮೆ ಹಾಕಿದೆ. ಓದುವ ವರ್ಷಗಳ ಬಡ್ಡಿ ಸೇರಿದರೆ ಸಾಲ ನಾಲ್ಕು ಲಕ್ಷ ದಾಟುತ್ತಿತ್ತು. ಐದು ವರ್ಷ, ತಿಂಗಳಿಗೆ ಒಂಬತ್ತೂವರೆ ಸಾವಿರ ಕಂತು.

ವಿಠಲಣ್ಣನ ಹೆಂಡತಿ ಹರಿಣಾಕ್ಷಿ ಕಾಯಿ ತುರಿಯುವುದನ್ನು ನಿಲ್ಲಿಸಿದಳು. "ಹೊಸ ಹೋಟೆಲ್ ಹಿಡಿಯುವಾಗ ಎದುರು ಮೂರು ದಿನ ಕೂತು, ಒಳಗೆ ಹೋದವರೆಷ್ಟು, ಬಂದವರೆಷ್ಟು, ಅವರ ಮುಖ ಹೇಗಿತ್ತು ಅಂತ ಎಣಿಸ್ತೀರಿ. ಮಗಳ ವಿಷಯಕ್ಕೆ ಒಂದು ಪುಸ್ತಿಕೆ ಸಾಕಾ?"

"ಕಾಲೇಜೇನು ದೋಸೆ ಅಂಗಡಿಯಾ ಮಾರಾಯ್ತಿ?"

"ಪಪ್ಪಾ, ಕಲ್ ಲಾಸ್ಟ್ ಡೇಟ್ ಹೈ!" ನಾಳೆಯೇ ಕೊನೆಯ ದಿನ ಎಂದು ನಿರೀಕ್ಷಾ ಅಳುವಂತಾದಳು.

ಮರುದಿನ ನಾವು ನಾಲ್ವರೂ ಹೊರಟೆವು. ವಿಠಲಣ್ಣನ ಚೀಲದಲ್ಲಿ ಮುಂಗಡ ಇಪ್ಪತ್ತೈದು ಸಾವಿರ ಇತ್ತು.

ಕಾಲೇಜು ಕಾರ್ಖಾನೆಗಳ ಆಚೆ, ಬಯಲಿನಲ್ಲಿ ಒಂಟಿಯಾಗಿ ನಿಂತಿತ್ತು. ಬಿಸಿಗಾಳಿಗೆ ಧೂಳು ಏಳುತ್ತಿತ್ತು. ಟೈ ಕಟ್ಟಿದ ಒಬ್ಬರು ನಮ್ಮನ್ನು ಹುಲ್ಲಿನ ಮೇಲೆ ನಿಲ್ಲಿಸಿ, ಮೊದಲ ಮಹಡಿಯ ದೊಡ್ಡ ಕಿಟಕಿ ತೋರಿಸಿದರು. ಆರು ಜನ ಬಿಳಿ ಕೋಟಿನವರು ನಮಗೆ ಬೆನ್ನು ಮಾಡಿ ನಿಂತಿದ್ದರು. ನಮ್ಮಲ್ಲೇ ಓದಿದವರು, ಸಂಶೋಧನೆ ನಡೆಯುತ್ತಿದೆ, ಸೋಂಕಿನ ಭಯ, ಒಳಗೆ ಬಿಡುವುದಿಲ್ಲ ಎಂದರು. ದುಡ್ಡು ಕಟ್ಟಲು ನಾಲ್ಕು ಗಂಟೆಯವರೆಗೆ ಸಮಯ.

ಹರಿಣಾಕ್ಷಿಯ ಮಾತು ಚುಚ್ಚಿತ್ತೋ ಏನೋ, ವಿಠಲಣ್ಣ ಎದುರಿನ ಚಹಾದಂಗಡಿಯಲ್ಲಿ ಕೂತು ಎಣಿಸತೊಡಗಿದರು. ಹನ್ನೊಂದಾಯಿತು. ಹನ್ನೆರಡಾಯಿತು. ಪುಸ್ತಿಕೆ ಹಿಡಿದ ತಂದೆತಾಯಿಯರು ಬಂದರು, ಹೋದರು. ಮೇಲಿನ ಆರು ಮಂದಿ ನಿಂತಲ್ಲೇ ಇದ್ದರು.

ಒಂದು ಗಂಟೆಗೆ ಕರೆಂಟು ಹೋಯಿತು. ಕಿಟಕಿಯೊಳಗೆ ಕತ್ತಲಾಯಿತು. ಆರು ಬಿಳಿ ಕೋಟುಗಳು ಮಾತ್ರ ಮಸುಕಾಗಿ ಕಾಣುತ್ತಿದ್ದವು. ಯಾರೂ ತಿರುಗಲಿಲ್ಲ.

"ಕತ್ತಲಲ್ಲಿ ಏನು ನೋಡ್ತಿದ್ದಾರ್ರೀ ಅವರು?" ಹರಿಣಾಕ್ಷಿ ಪಿಸುಗುಟ್ಟಿದಳು.

"ಭಯ್ಯಾ, ಅವರು ಚಹಾ ಕುಡಿಯೋಕೆ ಬರಲ್ವಾ?" ಎಂದು ನಾನು ನನ್ನ ಹರಕು ಹಿಂದಿಯಲ್ಲಿ ಕೇಳಿದೆ. ಚಹಾದವನು ಕಿಟಕಿಯತ್ತ ನೋಡಲೇ ಇಲ್ಲ. ಒಬ್ಬಳು ಮಾತ್ರ ಬರುತ್ತಾಳೆ ಎಂದ.

ವಿಠಲಣ್ಣ ಎದ್ದರು. "ಚಲೋ, ಒಳಗೆ ಹೋಗಿ ನೋಡೋಣ."

ಕಚೇರಿಯವರು ಊಟಕ್ಕೆ ಹೋಗಿದ್ದರು. ಮೆಟ್ಟಿಲು ಹತ್ತಿದೆವು. ಬಾಗಿಲು ತೆರೆದೇ ಇತ್ತು. "ಎಕ್ಸ್‌ಕ್ಯೂಸ್ ಮಿ" ಎಂದಳು ನಿರೀಕ್ಷಾ. ಹತ್ತಿರ ಹೋಗಿ ಮೊದಲನೆಯವರ ಭುಜ ಮುಟ್ಟಿದಳು, ಗಟ್ಟಿಯಾಗಿತ್ತು. ಬಟ್ಟೆ ಅಂಗಡಿಗಳ ಮುಂದೆ ಸೀರೆ ಉಟ್ಟು ನಿಲ್ಲುತ್ತವಲ್ಲ, ಅಂಥ ಗೊಂಬೆ. ಎರಡನೆಯದೂ, ಮೂರನೆಯದೂ ಗೊಂಬೆಯೇ. ಅವುಗಳ ಮುಂದಿನ ಮೈಕ್ರೋಸ್ಕೋಪುಗಳ ಪ್ಲಾಸ್ಟಿಕ್ ಹೊದಿಕೆ ಇನ್ನೂ ಬಿಚ್ಚಿರಲಿಲ್ಲ. ಐದು ಮುಗಿಸಿ ಆರನೆಯದಕ್ಕೆ ಅವಳು ಕೈ ಚಾಚಿದಾಗ, ಅದು ತಲೆ ತಿರುಗಿಸಿತು.

ನಿರೀಕ್ಷಾ ಚೀರಿದಳು. ಪುಸ್ತಿಕೆಯ ಮುಖಪುಟದ ಹುಡುಗಿ! ನಗು ಮಾತ್ರ ಇರಲಿಲ್ಲ.

"ಹೆದರಬೇಡಿ, ನಾನು ಮನುಷ್ಯಳೇ" ಎಂದು ಹಿಂದಿಯಲ್ಲಿ ಮೆಲ್ಲಗೆ ಹೇಳಿದಳು. ಹೆಸರು ಅದಿತಿ. ಹಿಂದಿನ ವರ್ಷ ಅಲ್ಲೇ ಪದವಿ ಮುಗಿಸಿದವಳು.

"ಮತ್ತೆ ಇಪ್ಪತ್ತೈದು ಸಾವಿರ ಸಂಬಳ?" ಎಂದರು ವಿಠಲಣ್ಣ.

"ಇಲ್ಲಿ ನನಗೆ ಕೊಡೋದು ಐದೂವರೆ ಸಾವಿರ, ಅಂಕಲ್. ಫೋಟೊಕ್ಕೆ ನಗು ಅಂದರು, ನಕ್ಕೆ. ಕೆಳಗೆ ಏನು ಬರೀತಾರೆ ಅಂತ ಹೇಳಲಿಲ್ಲ."

"ಕಂತು?"

"ಒಂಬತ್ತು ಸಾವಿರ. ಉಳಿದದ್ದು ಅಪ್ಪ ಕಟ್ಟುತ್ತಾರೆ. ನನ್ನ ಜೊತೆಯವಳೊಬ್ಬಳಿಗೆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಆರು ಸಾವಿರ. ಇಬ್ಬರು ಎಂ.ಎಸ್ಸಿ.ಗೆ ಹೋದರು. ಬೇರೆಯವರು ಫೋನ್ ಎತ್ತುವುದಿಲ್ಲ."

"ನೀನ್ಯಾಕಮ್ಮ ಹೀಗೆ ನಿಂತಿದ್ದೀ?" ಎಂದಳು ಹರಿಣಾಕ್ಷಿ.

"ನಾನೊಬ್ಬಳೇ ಅಲುಗಾಡಿದರೆ ಉಳಿದವರು ಗೊಂಬೆಗಳು ಅಂತ ಗೊತ್ತಾಗುತ್ತದಲ್ಲ ಆಂಟಿ." ಆಮೇಲೆ ನಿರೀಕ್ಷಾಳನ್ನು ನೋಡಿ, "ಓದಿದ ವಿಷಯ ಕೆಟ್ಟದ್ದಲ್ಲ. ನನಗೆ ಈಗಲೂ ಇಷ್ಟ. ಬೆಲೆ ಕೇಳದೆ ಕೊಂಡುಬಿಟ್ಟೆ, ಅಷ್ಟೆ" ಎಂದಳು.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಅದಿತಿ ಬೆನ್ನು ತಿರುಗಿಸಿ ನಿಂತಳು. ಮರುಕ್ಷಣ ಆ ಆರರಲ್ಲಿ ಅವಳು ಯಾವುದು ಎಂದು ನನಗೇ ಅನುಮಾನ ಬಂತು.

ದುಡ್ಡು ಕಟ್ಟದೆ ಕೆಳಗಿಳಿದು, ವಾಪಸು ಬಸ್ಸು ಹತ್ತಿದೆವು.

"ಪಪ್ಪಾ, ಬಯಾಲಜಿ ನಾನು ಬಿಡಲ್ಲ" ಎಂದಳು ನಿರೀಕ್ಷಾ.

"ಬಿಡು ಅಂದೋರ್ಯಾರು? ದುಬಾರಿ ಅಂಗಡಿ ಬೇಡ, ಅಷ್ಟೆ." ವಿಠಲಣ್ಣ ಚೀಲವನ್ನು ಎದೆಗೆ ಒತ್ತಿ ಹಿಡಿದಿದ್ದರು.

ಅವಳೀಗ ವಿಶ್ವವಿದ್ಯಾಲಯದ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಾಳೆ. ವರ್ಷದ ಶುಲ್ಕ ಹತ್ತು ಸಾವಿರದೊಳಗೆ, ಮನೆಯಿಂದಲೇ ಓಡಾಟ. ಮುಂದೆ ಎಂ.ಎಸ್ಸಿ.ಯೋ ಬಿ.ಎಡ್.ಓ ಮಾಡಿದರೆ ಆಗ ಸಾಲದ ಮಾತು.

ಅಕ್ಕಂದಿರೇ, ಅಣ್ಣಂದಿರೇ, ಮಕ್ಕಳಿಗೆ ಇಷ್ಟವಾದದ್ದನ್ನು ಓದಿಸಿ. ಸಹಿ ಹಾಕುವ ಮುಂಚೆ ಮಾತ್ರ ತಿಂಗಳ ಕಂತು ಎಷ್ಟೆಂದು ಬ್ಯಾಂಕಿನಲ್ಲೇ ಕೇಳಿ. ಹೋದ ವರ್ಷ ಓದಿ ಹೊರಬಂದವರನ್ನು ಹುಡುಕಿ, ಕೈಗೆ ಬರುವ ಸಂಬಳ ಕೇಳಿ. ಎರಡನ್ನೂ ಒಂದೇ ಕಾಗದದಲ್ಲಿ ಪಕ್ಕಪಕ್ಕ ಬರೆದು ನೋಡಿ. ಲ್ಯಾಬ್ ತೋರಿಸದಿದ್ದರೆ ದುಡ್ಡು ಕೊಡಬೇಡಿ.

ನಾನು ಹೇಳಿದ್ದು ಪೂರ್ತಿ ಸರಿಯೋ ಗೊತ್ತಿಲ್ಲ. ಓದು ಮುಗಿದ ಮೇಲೆ ನಿರೀಕ್ಷಾಳಿಗೆ ಎಷ್ಟು ಸಂಬಳ ಸಿಗುತ್ತದೆಂದೂ ಗೊತ್ತಿಲ್ಲ. ಆ ಕಾಲೇಜಿಗೆ ಫೋನ್ ಮಾಡಿದ್ದೆ. ಅದಿತಿ ಎಂಬವರು ಯಾರೂ ಇಲ್ಲ, ನಿಮ್ಮ ಸೀಟು ಅಂದೇ ಸಂಜೆ ತುಂಬಿತು ಎಂದರು. ಆ ಸೀಟನ್ನು ಯಾರ ಮಗು ತೆಗೆದುಕೊಂಡಿತು ಎಂದು ಕೇಳಿದೆ. ಫೋನ್ ಇಟ್ಟುಬಿಟ್ಟರು.