ನೀಲಿ ಪೆನ್ಸಿಲಿನ ಮೀನು

"ಏಣಿ ಗಟ್ಟಿಯಾಗಿ ಹಿಡ್ಕೊಂಡಿದೀನಿ ಮೇಡಮ್, ನೀವು ಧೈರ್ಯವಾಗಿ ನೋಡಿ," ಎಂದು ಕೆಳಗಿನಿಂದ ಮುದುಕ ಹೇಳಿದ.

ಹತ್ತೊಂಬತ್ತು ವರ್ಷಗಳಿಂದ ಯಾರ ಹೆಸರು ಕಿವಿಗೆ ಬಿದ್ದರೆ ಅವಳ ಹೊಟ್ಟೆಗೆ ಬೆಂಕಿ ಬೀಳುತ್ತಿತ್ತೋ ಅವನೇ ಈಗ ಅವಳ ಏಣಿಯ ಕಾಲು ಹಿಡಿದು ನಿಂತಿದ್ದ. ಬೇರೆ ಹೊತ್ತಾಗಿದ್ದರೆ ನಗಬಹುದಾಗಿತ್ತು. ಮಲಗುವ ಕೋಣೆಯ ಸೀಲಿಂಗಿನ ಕಿಂಡಿಯೊಳಗೆ ತಲೆ ತೂರಿಸಿ, ಮುಖಕ್ಕೆ ಮಾಸ್ಕು ಬಿಗಿದುಕೊಂಡು ನಿಂತವಳಿಗೆ ನಗು ಎಲ್ಲಿಂದ ಬರಬೇಕು? ಕಲ್ನಾರಿನ, ಅಂದರೆ ಆಸ್ಬೆಸ್ಟಾಸಿನ, ಚೂರು ತೆಗೆಯುವಾಗ ಕೋಣೆಯಲ್ಲಿ ಬೇರೆ ಯಾರೂ ಇರಕೂಡದು ಎಂಬುದು ಮೊದಲ ನಿಯಮ. ಬೇರೆ ಮನೆಗಳಲ್ಲಿ ಅವಳು ಎಲ್ಲರನ್ನೂ ಹೊರಗಟ್ಟಿ, ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕುತ್ತಿದ್ದಳು. ಇಲ್ಲಿ ಅವನು ತಾನಾಗಿಯೇ ಬಂದು ನಿಂತ, ಹೊರಗೆ ಹೋಗಿ ಎಂದು ಅವಳು ಅನ್ನಲಿಲ್ಲ. ಅಷ್ಟರಮಟ್ಟಿಗೆ ಅವಳ ಮನಸ್ಸು ಕೆಟ್ಟಿತ್ತು.

ಹಳೆಯ ಕಟ್ಟಡಗಳನ್ನು ಒಡೆದು ಹೊಸದು ಮಾಡುವ ಮೊದಲು ಅವುಗಳಲ್ಲಿ ಕಲ್ನಾರು ಇದೆಯೋ ಇಲ್ಲವೋ ನೋಡಿ ಬರೆದುಕೊಡುವುದು ಅವಳ ಕೆಲಸ. ಇದೆ ಎಂದು ಬರೆದರೆ ಮುಗಿಯಿತು. ತೆಗೆಯುವ ತಂಡ ಬಂದು ಮನೆಗೆಲ್ಲ ಪ್ಲಾಸ್ಟಿಕ್ ಹೊದಿಸಿ, ಶೀಟುಗಳನ್ನು ಒದ್ದೆ ಮಾಡಿ ಬಿಚ್ಚಿ, ಎರಡೆರಡು ಚೀಲದಲ್ಲಿ ಕಟ್ಟಿ ಹೂಳುವವರೆಗೆ ಯಾರೂ ಒಂದು ಮೊಳೆಯನ್ನೂ ಕೀಳುವಂತಿಲ್ಲ. ಕಂಟ್ರಾಕ್ಟರುಗಳು ಅವಳಿಗೆ ಧೂಳಮ್ಮ ಎಂದು ಹೆಸರಿಟ್ಟಿದ್ದರು. ಧೂಳಮ್ಮ ಹೊಕ್ಕ ಮನೆಯಲ್ಲಿ ಸುತ್ತಿಗೆ ಮಲಗುತ್ತದೆ ಎಂದು ಅವಳೆದುರಿಗೇ ಹೇಳುತ್ತಿದ್ದರು. ಅವಳಿಗೆ ಅದರಿಂದ ಬೇಸರವೇನೂ ಇರಲಿಲ್ಲ.

ನಾಲ್ಕು ದಿನದ ಹಿಂದೆ ಕೆಲಸದ ಚೀಟಿಯಲ್ಲಿ ಈ ಮನೆಯ ವಿಳಾಸವನ್ನೂ ಮಾಲೀಕನ ಹೆಸರನ್ನೂ ಕಂಡಾಗ, ಪರಿಚಯದವರ ಮನೆ, ಬೇರೆಯವರನ್ನು ಕಳಿಸಿ ಎಂದು ಕಚೇರಿಗೆ ಹೇಳಬೇಕಾಗಿತ್ತು. ಹೇಳಲಿಲ್ಲ. ಬದಲಿಗೆ ಕಸದ ಬುಟ್ಟಿಯಿಂದ ಹೆಬ್ಬೆರಳುಗುರಿನಷ್ಟು ಜಿಪ್ಸಂ ಚೂರು ಆರಿಸಿ, ಪುಟ್ಟ ಚೀಲದಲ್ಲಿ ಹಾಕಿ, ಈ ಮನೆಯ ನಂಬರು ಬರೆದು ಎಡಗಡೆಯ ಜೇಬಿನಲ್ಲಿಟ್ಟುಕೊಂಡಳು. ಜಿಪ್ಸಂ ನಿರುಪದ್ರವಿ. ಪ್ರಯೋಗಾಲಯಕ್ಕೆ ಅದನ್ನೇ ಕಳಿಸಿದರೆ ಇಲ್ಲ ಎಂಬ ಉತ್ತರ ಬರುತ್ತದೆ. ಸೋಮವಾರ ಒಡೆಯುವವರು ಬರುತ್ತಾರೆ, ಧೂಳು ಏಳುತ್ತದೆ, ಮುದುಕ ಮನೆ ಬಿಟ್ಟು ಕದಲುವ ಆಸಾಮಿಯಲ್ಲ, ಪಕ್ಕದ ಕೋಣೆಯಲ್ಲೇ ಕುರ್ಚಿ ಹಾಕಿಕೊಂಡು ಮೇಲ್ವಿಚಾರಣೆ ಮಾಡುತ್ತಾನೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಕಲ್ನಾರು ಕೊಲ್ಲಲು ಇಪ್ಪತ್ತು ಮೂವತ್ತು ವರ್ಷ ಬೇಕು, ಮುದುಕನಿಗೆ ಈಗಾಗಲೇ ಎಪ್ಪತ್ತನಾಲ್ಕು ಎಂಬುದು ಅವಳಿಗೆ ಗೊತ್ತಿಲ್ಲದ್ದಲ್ಲ. ಆದರೆ ಸಿಟ್ಟಿಗೆ ಲೆಕ್ಕ ಬರುವುದಿಲ್ಲ.

ಟಾರ್ಚಿನ ಬೆಳಕು ಶೀಟುಗಳ ಬೆನ್ನಿನ ಮೇಲೆ ಹರಿಯಿತು. ಬೂದು ಬಣ್ಣ, ಅಂಚಿನಲ್ಲಿ ಕೂದಲಿನಂಥ ನಾರು. ಪ್ರಯೋಗಾಲಯ ಹೇಳುವ ಮೊದಲೇ ಹದಿಮೂರು ವರ್ಷ ಪಳಗಿದ ಕಣ್ಣು ಹೇಳಿತು. ಸಾಬೂನು ನೀರು ಸಿಂಪಡಿಸಿ ಒಂದು ಮೂಲೆಯಿಂದ ಚೂರು ಕೊಯ್ದು ಚೀಲಕ್ಕೆ ಹಾಕಿ ಬಲಗಡೆಯ ಜೇಬಿಗೆ ಸೇರಿಸಿದಳು. ಕೊಯ್ದ ಜಾಗಕ್ಕೆ ಟೇಪು ಹಚ್ಚಲು ಟಾರ್ಚನ್ನು ಇನ್ನೊಂದು ಕೈಗೆ ಬದಲಿಸಿದಾಗ ಪಕ್ಕದ ಶೀಟಿನ ಮೇಲೆ ನೀಲಿ ಪೆನ್ಸಿಲಿನ ಮೀನು ಕಂಡಿತು.

ಅವಳ ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ. ಅವನು ದುಡಿಯುತ್ತಿದ್ದ ಕಲ್ನಾರಿನ ಶೀಟಿನ ಕಾರ್ಖಾನೆಯ ಕತ್ತರಿಸುವ ವಿಭಾಗದಲ್ಲಿ ಯಾರು ಎಷ್ಟು ಶೀಟು ಕೊಯ್ದರೆಂದು ಗೊತ್ತಾಗಲು ಪ್ರತಿಯೊಬ್ಬನೂ ಶೀಟಿನ ಬೆನ್ನಿಗೆ ತನ್ನದೊಂದು ಗುರುತು ಹಾಕಬೇಕಿತ್ತು. ಒಬ್ಬನದು ನಕ್ಷತ್ರ, ಇನ್ನೊಬ್ಬನದು ಎರಡು ಅಡ್ಡ ಗೆರೆ. ಅಪ್ಪನದು ಮೀನು. ಪೆನ್ಸಿಲು ಎತ್ತದೆ ಒಂದೇ ಎಳೆತಕ್ಕೆ ಹೊಟ್ಟೆ ಮತ್ತು ಬಾಲ, ಆಮೇಲೆ ಕಣ್ಣಿಗೊಂದು ಚುಕ್ಕಿ. ಅವಳು ಅ ಆ ಬರೆಯುವ ಮೊದಲೇ ಆ ಮೀನು ಬರೆಯಲು ಕಲಿತಿದ್ದಳು. ಶೀಟುಗಳ ಸಾಲಿನಲ್ಲಿ ಟಾರ್ಚು ಆಡಿಸಿದಳು. ಇಲ್ಲೊಂದು, ಅಲ್ಲೊಂದು, ಆ ಕೊನೆಯಲ್ಲಿ ಇನ್ನೊಂದು. ಈ ಮುದುಕನ ಹಾಸಿಗೆಯ ಮೇಲೆ ಇಷ್ಟು ವರ್ಷವೂ ಅಪ್ಪನ ಮೀನುಗಳು ಈಜುತ್ತಿದ್ದವು. ಫೋಟೋ ತೆಗೆದುಕೊಂಡು, ಟೇಪು ಹಚ್ಚುವುದನ್ನೇ ಮರೆತು ಕೆಳಗಿಳಿದಳು. ಹದಿಮೂರು ವರ್ಷದಲ್ಲಿ ಹೀಗೆ ಮರೆತದ್ದು ಅದೇ ಮೊದಲು.

ಹತ್ತೊಂಬತ್ತು ವರ್ಷದ ಹಿಂದೆ ಅಪ್ಪ ಸತ್ತ ಮೇಲೆ ಅಮ್ಮ ಕಾರ್ಖಾನೆಗೆ ಹೋಗಿ ಕೇಳಿದ್ದು ಇಷ್ಟೇ, ಈ ಧೂಳಿನಿಂದಲೇ ಹೋದ ಅಂತ ಒಂದು ಕಾಗದ ಬರೆದುಕೊಡಿ ಎಂದು. ಬಂದದ್ದು ಎರಡು ಸಾಲಿನ ಪತ್ರ. ಸದರಿ ವ್ಯಕ್ತಿಯು ಗೇಟಿನ ಕಾವಲುಗಾರನಾಗಿದ್ದು ಕತ್ತರಿಸುವ ವಿಭಾಗದಲ್ಲಿ ಎಂದೂ ಕೆಲಸ ಮಾಡಿರುವುದಿಲ್ಲ. ಸದರಿಯವನಿಗೆ ಅತಿಯಾಗಿ ಸಿಗರೇಟು ಸೇದುವ ಅಭ್ಯಾಸವಿತ್ತು. ಕೆಳಗೆ ಮ್ಯಾನೇಜರ್ ಎಂದು ಇದೇ ಮುದುಕನ ಸಹಿ, ಸಹಿಯ ಅಡಿಯಲ್ಲಿ ಎರಡು ಚುಕ್ಕಿ. ಅಪ್ಪ ಜನ್ಮದಲ್ಲಿ ಸಿಗರೇಟು ಮುಟ್ಟಿದವನಲ್ಲ. ಗೇಟಿನಲ್ಲಿ ಸ್ಟೂಲು ಹಾಕಿಕೊಂಡು ಕೂತದ್ದು ಕೊನೆಯ ಐದು ತಿಂಗಳು, ಯಂತ್ರದ ಮುಂದೆ ನಿಲ್ಲಲು ಉಸಿರು ಸಾಲದಾದಾಗ. ಹಾಜರಿ ಪುಸ್ತಕ ತೋರಿಸಿ ಎಂದರೆ ಗೆದ್ದಲು ತಿಂದಿದೆ ಎಂದರು. ಆ ಕಾರ್ಖಾನೆಯಲ್ಲಿ ಗೆದ್ದಲೂ ಮ್ಯಾನೇಜರನ ಮಾತು ಕೇಳುತ್ತಿತ್ತು.

ಮುದುಕ ಅವಳನ್ನು ಮುಂಭಾಗದ ಕೋಣೆಗೆ ಕರೆದುಕೊಂಡು ಹೋಗಿ ಕೂರಿಸಿದ. ಟೀ ತರಲು ಒಳಗಿದ್ದ ಹೆಂಡತಿಗೆ ಕೂಗಿ ಹೇಳಿದ. ಉತ್ತರವಾಗಿ ಅಡುಗೆಮನೆಯಿಂದ ಕೆಮ್ಮು ಬಂತು, ಒಣಗಿದ, ಏನೂ ಹೊರಬರದ ಕೆಮ್ಮು. ಅಪ್ಪನ ಅಂಥದ್ದೇ ಕೆಮ್ಮಿನ ಪಕ್ಕದಲ್ಲಿ ಎರಡು ವರ್ಷ ಮಲಗಿದವಳಿಗೆ ಅದನ್ನು ಯಾರೂ ಪರಿಚಯಿಸಬೇಕಾಗಿರಲಿಲ್ಲ. ಅವಳು ಅಡುಗೆಮನೆಯ ಕಡೆ ತಿರುಗಿ ನೋಡಿದಳು. ಮುದುಕ ಗಮನಿಸಲಿಲ್ಲ. ಈ ಕೋಣೆಯನ್ನೂ ಮಲಗುವ ಕೋಣೆಯನ್ನೂ ಒಡೆಸಿ ಅಂಗಡಿ ಮಾಡಿಸುವುದು, ಕಲ್ನಾರು ಕಲ್ನಾರು ಎಂದು ಈಗಿನವರು ಜನರನ್ನು ಸುಮ್ಮನೆ ಹೆದರಿಸುವುದು, ತಾನು ಇಪ್ಪತ್ತೆಂಟು ವರ್ಷ ಅದರ ನಡುವೆಯೇ ಇದ್ದರೂ ಗುಂಡುಕಲ್ಲಿನಂತಿರುವುದು, ಎಲ್ಲವನ್ನೂ ಒಂದಾದ ಮೇಲೊಂದು ಹೇಳಿದ. ಇದ್ದದ್ದು ಹೌದು, ಬಾಗಿಲು ಮುಚ್ಚಿದ ಗಾಜಿನ ಕೋಣೆಯಲ್ಲಿ. ಕೊನೆಗೆ ದನಿ ತಗ್ಗಿಸಿ, ಅವಳು ನಾಲ್ಕು ದಿನದಿಂದ ಕಾಯುತ್ತಿದ್ದ ಮಾತನ್ನೂ ಆಡಿದ.

"ಇಲ್ಲ ಅಂತ ಬರ್ದ್ಬಿಡಿ ಮೇಡಮ್. ನಿಮಗೂ ಸಲೀಸು, ನಮಗೂ ಸಲೀಸು."

ಅವಳ ಎಡಗೈ ತಾನಾಗಿಯೇ ಜೇಬಿಗೆ ಹೋಯಿತು. ಕಿಟಕಿಯಾಚೆ ಕಾಂಪೌಂಡಿನ ನೆರಳಿನಲ್ಲಿ ಒಡೆಯುವ ಕೆಲಸದ ಇಬ್ಬರು ಸುತ್ತಿಗೆಯ ಚೀಲ ಪಕ್ಕಕ್ಕಿಟ್ಟುಕೊಂಡು ಕೂತಿದ್ದರು, ಸೋಮವಾರ ಕೆಲಸ ಖಂಡಿತ ತಾನೇ ಎಂದು ಕೇಳಿಕೊಂಡು ಹೋಗಲು ಬಂದವರು. ಒಬ್ಬ ಎದ್ದು ಹೆಗಲ ಮೇಲಿನ ಟವೆಲ್ಲು ಫಟ್ಟನೆ ಕೊಡವಿದ. ಅಪ್ಪ ದಿನಾ ಸಂಜೆ ಹೊಸ್ತಿಲಲ್ಲಿ ನಿಂತು ಹಾಗೇ ಕೊಡವುತ್ತಿದ್ದ. ಬೆಳಕಿನಲ್ಲಿ ಬಿಳಿಯ ಪುಡಿ ಹಾರುವುದನ್ನು ನೋಡಲು ಅವಳು ಓಡಿ ಬರುತ್ತಿದ್ದಳು. ನಾಲ್ಕು ದಿನ ಹೊಂಚು ಹಾಕಿದ ತಲೆಗೆ, ಒಡೆಯುವವರಿಗೂ ಮೂಗಿದೆ ಎಂಬುದು ಹೊಳೆದೇ ಇರಲಿಲ್ಲ. ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಜೇಬಿನೊಳಗೇ ಜಿಪ್ಸಂ ಚೂರನ್ನು ಬೆರಳಿನಿಂದ ಒತ್ತಿ ಪುಡಿ ಮಾಡಿದಳು. ಆದರೆ ಸಿಟ್ಟು ಪುಡಿಯಾಗಲಿಲ್ಲ, ಅದು ಇನ್ನೊಂದು ದಾರಿ ಹುಡುಕತೊಡಗಿತು.

ದಾರಿ ಅವಳ ಕೈಯಲ್ಲಿದ್ದ ಫಾರಮ್ಮಿನಲ್ಲೇ ಇತ್ತು. ಅದರ ಎರಡನೇ ಪುಟದಲ್ಲಿ ಸಾಮಗ್ರಿ ಎಲ್ಲಿಂದ ಬಂತು, ಯಾರು ಕೂರಿಸಿದರು ಎಂಬುದನ್ನು ಮಾಲೀಕನೇ ಕೈಯಾರೆ ಬರೆದು ಸಹಿ ಹಾಕಬೇಕು. ಸಾಮಾನ್ಯವಾಗಿ ಜನ ಗೊತ್ತಿಲ್ಲ ಎಂದು ಗೀಚಿ ಕೈ ತೊಳೆದುಕೊಳ್ಳುತ್ತಾರೆ. ಅವಳು ಪೆನ್ನು ಮುಂದೆ ಚಾಚಿ, ಮೇಲಿನ ಶೀಟು ಬಹಳ ಒಳ್ಳೆಯ ಮಾಲು ಅನ್ನಿಸಿತು ಸರ್, ಈಗ ಅಂಥ ಕೆಲಸ ಎಲ್ಲೂ ಕಾಣುವುದಿಲ್ಲ, ಎಂದಳು. ಅದು ಸುಳ್ಳೂ ಆಗಿರಲಿಲ್ಲ.

ಮುದುಕನ ಮುಖ ಅರಳಿತು. ನಮ್ಮ ಕಾರ್ಖಾನೆಯದೇ, ನಾನೇ ನಿಂತು ಒಂದೊಂದನ್ನೂ ಆರಿಸಿದ್ದು ಎಂದ. ಎರಡು ಭಾನುವಾರ ಕಾರ್ಖಾನೆಯ ಆಳನ್ನೇ ಕರೆಸಿ ಇಲ್ಲಿಯ ಹಿತ್ತಿಲಿನಲ್ಲಿ ಕೊಯ್ಯಿಸಿದನಂತೆ.

"ಕಟಿಂಗ್‌ನಲ್ಲಿ ಅವನಂಥ ಕೈ ಇನ್ನೊಂದಿರ್ಲಿಲ್ಲ ಮೇಡಮ್. ಮೀನು ಅಂತಲೇ ಕರೀತಿದ್ವಿ, ಹೆಸರು ಮರ್ತೋಯ್ತು. ಹದಿನಾಲ್ಕು ವರ್ಷ ಅದೇ ಮೆಷಿನ್ ಮುಂದೆ ನಿಂತವನು. ಕೊಯ್ದ ಅಂದ್ರೆ ಕೂದಲೆಳೆಯಷ್ಟೂ ಆಚೆ ಈಚೆ ಆಗ್ತಿರ್ಲಿಲ್ಲ."

"ಅದನ್ನೂ ಬರೀರಿ ಸರ್," ಎಂದಳು. ಅವಳ ದನಿ ಅವಳಿಗೇ ಬೇರೆಯವರದ್ದೆಂಬಂತೆ ಕೇಳಿತು.

ಅವನು ಬರೆದ. ಹೊಗಳಿಕೆಯ ಹುರುಪಿನಲ್ಲಿ ದುಂಡಗೆ, ಬಿಡಿಸಿ ಬರೆದ. ನಮ್ಮ ಕಾರ್ಖಾನೆಯ ಕತ್ತರಿಸುವ ವಿಭಾಗದಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿದ ನುರಿತ ಕೆಲಸಗಾರನಿಂದ ಕೊಯ್ಯಿಸಿದ್ದು. ಆವರಣದಲ್ಲಿ, ಮೀನು. ಕೆಳಗೆ ಸಹಿ, ಸಹಿಯ ಅಡಿಯಲ್ಲಿ ಎರಡು ಚುಕ್ಕಿ. ಇಷ್ಟು ವರ್ಷ ಗೆದ್ದಲಿನ ಹೊಟ್ಟೆಯಲ್ಲಿದ್ದ ಸತ್ಯವನ್ನು ಅವನೇ ಕಕ್ಕಿದ್ದ. ಅವಳು ಫಾರಮ್ಮನ್ನು ತನ್ನ ಕಡೆ ಎಳೆದುಕೊಂಡು ಅದರ ಮೇಲೆ ಅಂಗೈ ಊರಿದಳು. ಒಳಗಿನಿಂದ ಮತ್ತೆ ಕೆಮ್ಮು ಕೇಳಿತು.

"ಅಮ್ಮನಿಗೆ ಈ ಕೆಮ್ಮು ಎಷ್ಟು ದಿನದಿಂದ ಸರ್?"

ಎರಡು ವರ್ಷವಾಯಿತು, ಏನೋ ಅಲರ್ಜಿ ಅನ್ನುತ್ತಾರೆ ಡಾಕ್ಟರು, ವಯಸ್ಸಾದ ಮೇಲೆ ಇದ್ದದ್ದೇ ಎಂದ.

"ಅವರು ಸಿಗರೇಟು ಸೇದ್ತಾರಾ?"

ಅವನು ಮೊದಲು ನಕ್ಕ. ಅವಳು ನಗದಿರುವುದನ್ನು ಕಂಡು, ಏನು ಮಾತು ಆಡುತ್ತೀರಿ ಎಂದು ಗದರಿದ. ಹೌದು, ಹಳೆಯ ಮ್ಯಾನೇಜರನ ದನಿ ಇನ್ನೂ ಹಾಗೇ ಇತ್ತು. ಅವಳು ಬ್ಯಾಗಿನಿಂದ ಹಳೆಯ ಪತ್ರದ ನಕಲು ತೆಗೆದು ಫಾರಮ್ಮಿನ ಪಕ್ಕದಲ್ಲಿ ಹಾಸಿದಳು. ಅಕ್ಷರ ಒಂದೇ, ಚುಕ್ಕಿಗಳೂ ಅವೇ ಎರಡು.

"ಮೀನು ಸೇದ್ತಿದ್ರು ಅಂತ ನೀವು ಬರ್ದಿದ್ರಿ. ಗೇಟು ಕಾಯ್ತಿದ್ರು ಅಂತ್ಲೂ ಬರ್ದಿದ್ರಿ. ನಾನು ಅವರ ಮಗಳು."

ಮುದುಕ ಎರಡು ಕಾಗದಗಳನ್ನೂ ನೋಡಿದ. ಫಾರಮ್ಮಿನ ಕಡೆ ಕೈ ಚಾಚಿದ, ಅವಳ ಅಂಗೈ ಕದಲಲಿಲ್ಲ. ಅವನ ಕೆಳದುಟಿ ಜೋತುಬಿತ್ತು, ಮುಖದಿಂದ ರಕ್ತ ಇಳಿಯಿತು. ಈ ಮುಖವನ್ನು ನೋಡಬೇಕೆಂದೇ ಅವಳು ಹತ್ತೊಂಬತ್ತು ವರ್ಷ ಬದುಕಿದ್ದಳು ಅಂದರೂ ನಡೆದೀತು. ನೋಡಿ ಸಂತೋಷವಾಯಿತು, ಹಸಿದವಳಿಗೆ ಅನ್ನ ಸಿಕ್ಕಂಥ ಸಂತೋಷ. ಅದು ಬಹಳ ಹೊತ್ತು ಇರಲಿಲ್ಲ. ಬಾಗಿಲಲ್ಲಿ ಟೀ ಲೋಟಗಳ ತಟ್ಟೆ ಹಿಡಿದು ಅವನ ಹೆಂಡತಿ ನಿಂತಿದ್ದಳು. ಸಿಗರೇಟಿನ ಮಾತಿನಿಂದ ಹಿಡಿದು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಮುದುಕಿ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟಳು. ಆ ಎರಡು ಭಾನುವಾರ ಹಿತ್ತಿಲು ಗುಡಿಸಿದ್ದು ತಾನೇ ಎಂದಳು. ಹಿಟ್ಟಿನ ಗಿರಣಿಯ ಹಾಗೆ ಬಿಳುಪಾಗಿತ್ತಂತೆ. ಊಟಕ್ಕೆ ಕರೆದರೆ ಮೀನು ಒಳಗೆ ಬರಲೊಲ್ಲ, ಮೈಯೆಲ್ಲ ಧೂಳಮ್ಮ, ನಿಮ್ಮ ಮನೆ ಗಲೀಜಾಗುತ್ತೆ ಎಂದು ಬಾವಿಕಟ್ಟೆಯ ಮೇಲೆ ಕೂತೇ ಉಂಡನಂತೆ. ಆಮೇಲೆ ಗಂಡನ ಕಡೆ ತಿರುಗಿದಳು.

"ಏನ್ರೀ, ಅವನ್ನ ಗೇಟ್ ಕಾಯೋನು ಅಂತ ಬರೆದ್ರಾ?"

ಅವನು ಸಹಿ ಹಾಕಿದ ಪೆನ್ನಿನ ಮುಚ್ಚಳವನ್ನು ಹಾಕುವುದು, ತೆಗೆಯುವುದು ಮಾಡುತ್ತ ಕೂತ.

ಮುದುಕಿ ಇನ್ನೊಂದು ಪ್ರಶ್ನೆಯನ್ನು ಇವಳಿಗೆ ಕೇಳಿದಳು. ಬಹಳ ಸಾಧಾರಣವಾದ ದನಿಯಲ್ಲಿ, ಅಂಗಡಿಯಲ್ಲಿ ಬೆಲೆ ಕೇಳುವಂತೆ ಕೇಳಿದಳು. "ಹಾಗಾದ್ರೆ ನನ್ನದು ಅಲರ್ಜಿ ಅಲ್ಲ ಅಲ್ವೇನಮ್ಮ?"

ಗಂಡನಿಗೆ ಎಸೆದ ಕಲ್ಲು ಯಾರಿಗೆ ತಗುಲಿತೆಂದು ಇವಳಿಗೆ ಆಗ ಅರಿವಾಯಿತು. ನಾನು ಡಾಕ್ಟರಲ್ಲ ಅಮ್ಮ ಎಂದಳು. ಡಾಕ್ಟರಿಗೆ ಈ ಧೂಳಿನ ವಿಷಯ ಹೇಳಿ, ಎದೆಯ ಸ್ಕ್ಯಾನ್ ಮಾಡಿಸಲು ಕೇಳಿ ಎಂದಳು. ಹೇಳುತ್ತ ತಲೆ ತಗ್ಗಿಸಿದಳು. ನಂತರ ಫಾರಮ್ಮಿನಲ್ಲಿ ಕಲ್ನಾರು ಇದೆ ಎಂದು ಬರೆದಳು. ಶೀಟುಗಳ ಬೆನ್ನಿನಲ್ಲಿ ಮೀನಿನ ಗುರುತಿದೆ, ಕೊಯ್ದವರು ನನ್ನ ತಂದೆ ಎಂದು ಅವರ ಪೂರ್ತಿ ಹೆಸರು ಬರೆದಳು. ಈ ಕಾರಣಕ್ಕೆ ಬೇರೆ ಪರೀಕ್ಷಕರೊಬ್ಬರು ಮತ್ತೊಮ್ಮೆ ನೋಡುವುದು ಸೂಕ್ತ ಎಂದೂ ಸೇರಿಸಿದಳು. ಹೊರಗೆ ಹೋಗಿ, ಕೂತಿದ್ದ ಇಬ್ಬರಿಗೂ ಸೋಮವಾರ ಬರಬೇಡಿ, ತೆಗೆಯುವ ತಂಡ ಬಂದು ಹೋಗುವವರೆಗೆ ಈ ಮನೆಯ ಒಂದು ಇಟ್ಟಿಗೆಯನ್ನೂ ಮುಟ್ಟಬೇಡಿ ಎಂದು ಹೇಳಿದಳು. ಧೂಳಮ್ಮ ಬಂದಾಗಲೇ ಅಂದುಕೊಂಡೆವು ಎಂದು ಒಬ್ಬ ಗೊಣಗಿದ.

ಗೇಟಿನ ಬಳಿ ಟೇಪಿನ ನೆನಪಾಯಿತು. ಕೊಯ್ದ ಗಾಯವನ್ನು ತೆರೆದೇ ಬಿಟ್ಟು ಬಂದಿದ್ದಳು. ವಾಪಸು ಬಂದಾಗ ಮುದುಕ ಅದೇ ಕುರ್ಚಿಯಲ್ಲಿ ಅದೇ ಪೆನ್ನು ಹಿಡಿದು ಕೂತಿದ್ದ, ತಲೆ ಎತ್ತಲಿಲ್ಲ. ಮಲಗುವ ಕೋಣೆಗೆ ಮುದುಕಿ ಹಿಂದೆಯೇ ಬಂದಳು. ನೀವು ಹೊರಗಿರಿ ಅಮ್ಮ, ಇಲ್ಲಿ ನಿಲ್ಲಬಾರದು ಎಂದರೆ, ಏಣಿ ಅಲ್ಲಾಡುತ್ತದೆ, ಬಿದ್ದುಗಿದ್ದೀಯ ಎಂದು ಹಟ ಹಿಡಿದಳು. ಅವಳು ಬ್ಯಾಗಿನಲ್ಲಿದ್ದ ಇನ್ನೊಂದು ಮಾಸ್ಕನ್ನು ತೆಗೆದು, ಪಟ್ಟಿಯನ್ನು ಮುದುಕಿಯ ನರೆತ ಕೂದಲಿನ ಮೇಲಿಂದ ತಂದು ಬಿಗಿದಳು. ಮೂಗಿನ ಮೇಲಿನ ತಗಡನ್ನು ಎರಡು ಬೆರಳಿನಿಂದ ಒತ್ತಿ ಕೂರಿಸಿದಳು.

ಮೇಲೆ ಹತ್ತಿ ತಲೆ ಒಳಗೆ ತೂರಿಸಿ ಟಾರ್ಚು ಹಚ್ಚಿದಳು. ಮೀನು ಅಲ್ಲೇ ಇತ್ತು. ಟೇಪಿನ ಒಂದು ತುಂಡು ಹರಿದು ಕೊಯ್ದ ಮೂಲೆಯ ಹತ್ತಿರ ಹಿಡಿದಾಗ ಕೆಳಗೆ ಕೆಮ್ಮು ಶುರುವಾಯಿತು. ಏಣಿಯನ್ನು ಅವಚಿ ಹಿಡಿದಿದ್ದ ಆ ಸಣ್ಣ ಮೈಯಿಂದ ಅದರ ನಡುಕ ಕಾಲುಗಂಬಕ್ಕೆ ಏರಿ, ಒಂದೊಂದೇ ಮೆಟ್ಟಿಲು ಹತ್ತಿ ಇವಳ ಅಂಗಾಲಿಗೆ ಬಂತು. ಟೇಪಿನ ತುಂಡನ್ನು ಬೆರಳಿನ ತುದಿಯಲ್ಲಿ ಹಿಡಿದುಕೊಂಡು ಅವಳು ಏಣಿಯ ಅಲುಗಾಟ ನಿಲ್ಲಲಿ ಎಂದು ಕಾದಳು.