ಬಾಯಿ ಬಿಟ್ಟು ಹೇಳಲಾಗದ ಪಾಸ್‌ವರ್ಡ್

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗಳಿಗೆ ಅನುಮಾನ ಹುಟ್ಟುಗುಣ. ಮೈಲೇಶ ಸಾಹುಕಾರರಿಗೆ ಅದು ಒಂದು ತೂಕ ಹೆಚ್ಚೇ ಇದೆ. ಮೆಣಸಿನಕಾಯಿಯಿಂದ ಬಣ್ಣ ತೆಗೆಯುವ ಕೊಚ್ಚಿಯ ಕಂಪನಿಯೊಂದಕ್ಕೆ ಅವರು ಈಮೇಲಿನಲ್ಲಿ ದರ ಕಳಿಸಿದ್ದರು. ಪಕ್ಕದ ಅಂಗಡಿಯ ಶೇಖಪ್ಪ ಅದೇ ದಿನ ಅದಕ್ಕಿಂತ ಒಂದು ರೂಪಾಯಿ ಕಮ್ಮಿ ಹೇಳಿಬಿಟ್ಟ. ಸಾಹುಕಾರರು ಮಾರ್ಕೆಟ್ಟಿನ ಚಹಾದಂಗಡಿ ಮುಂದೆ ನಿಂತು ಫೋನಿನಲ್ಲಿ ಆ ದರವನ್ನು ಕೂಗಿ ಕೂಗಿ ಹೇಳಿದ್ದು ಹಮಾಲರಿಗೆಲ್ಲ ಕೇಳಿಸಿತ್ತು. ಅದನ್ನು ಅವರು ಲೆಕ್ಕಕ್ಕೇ ಹಿಡಿಯಲಿಲ್ಲ. ತಮ್ಮ ಈಮೇಲ್ ಯಾರೋ ಕದ್ದು ಓದಿದ್ದಾರೆ ಎಂದು ತೀರ್ಮಾನಿಸಿ ನನ್ನನ್ನು ಕರೆಸಿದರು.

"ಶಶಿಕಾಂತ, ನಮ್ಮ ಟಪಾಲು ನಮ್ಮ ಮನ್ಯಾಗ ಇರಬೇಕು. ಕಂಡೋರ ಕಂಪ್ಯೂಟರಿನ್ಯಾಗ ಯಾಕ ಇಡಬೇಕು?" ಅಂದರು.

ನನ್ನದು ರಾಣೇಬೆನ್ನೂರಿನಲ್ಲಿ ಸಣ್ಣ ಕಂಪ್ಯೂಟರ್ ಅಂಗಡಿ. ಸಿಸಿ ಕ್ಯಾಮೆರಾ ಹಾಕುತ್ತೇನೆ, ಪ್ರಿಂಟರ್ ರಿಪೇರಿ ಮಾಡುತ್ತೇನೆ, ಕೇಳಿದರೆ ಇಲ್ಲ ಅನ್ನುವ ಅಭ್ಯಾಸ ನನಗಿಲ್ಲ. ಆದರೂ ಆವತ್ತು ಪ್ರಾಮಾಣಿಕವಾಗಿಯೇ ಹೇಳಿದೆ. "ಸಾವಕಾರ್ರ, ಸ್ವಂತ ಮೇಲ್ ಸರ್ವರ್ ಕೂಡ್ರಿಸೂದು ಸಸಾರ ಐತ್ರಿ. ದಿನಾ ಅದನ್ನ ಸಂಭಾಳಿಸೂದು ತ್ರಾಸ."

"ಹೆಂಡ್ತಿನೂ ಹಂಗ ಅಲ್ಲೇನಪಾ?" ಎಂದು ಸಾಹುಕಾರರು ಮೀಸೆ ತಿರುವಿ ನಕ್ಕರು.

ಹೆಂಡತಿ ಮೀನಾಕ್ಷಿಯವರು ಪಕ್ಕದ ಮೇಜಿನಲ್ಲಿ ಕೂತು, ಗಂಡನ ಹೆಸರಿನಲ್ಲಿ ಕೊಚ್ಚಿಗೆ ಉತ್ತರ ಟೈಪ್ ಮಾಡುತ್ತಿದ್ದರು. ತಲೆ ಎತ್ತಲಿಲ್ಲ. ಬಿ.ಕಾಂ. ಓದಿದವರು. ಮದುವೆಯಾಗಿ ಬಂದಾಗಿನಿಂದ ಆ ಅಂಗಡಿಯ ಒಂದೊಂದು ಇಂಗ್ಲಿಷ್ ಅಕ್ಷರವೂ ಅವರದೇ. ಕೊಚ್ಚಿಯವರು ಮಾತ್ರ ಮೈಲೇಶ ಸಾಹೇಬರ ಇಂಗ್ಲಿಷನ್ನು ಹೊಗಳುತ್ತಿದ್ದರು. ಸಾಹೇಬರು ಆ ಹೊಗಳಿಕೆಯನ್ನು ಹೆಂಡತಿಯ ಕೈಲೇ ಓದಿಸಿ, ಅರ್ಥ ಹೇಳಿಸಿಕೊಂಡು, ಸಂತೋಷಪಡುತ್ತಿದ್ದರು. ಇಂಗ್ಲಿಷಿನಲ್ಲಿ ಬರೆದರೆ ತಮ್ಮ ಹೆಸರಿನೊಳಗೇ ಮೇಲ್ ಇರುವುದು ಮನೆದೇವರು ಮೈಲಾರಲಿಂಗನ ಇಚ್ಛೆ ಎಂದೂ ನಂಬಿದ್ದರು.

ಸರ್ವರ್ ಬಂತು. ಅಂಗಡಿಯ ಒಳಕೋಣೆಯಲ್ಲಿ ಕೂಡಿಸಿದೆ. ಮೆಣಸಿನಕಾಯಿ ಘಾಟಿಗೆ ಸೀನುತ್ತ ವೈರ್ ಜೋಡಿಸಿದೆ. ಸಾಹುಕಾರರ ತಾಯಿ ದೇವವ್ವ ಬಂದು ಯಂತ್ರಕ್ಕೆ ದೇವರ ಭಂಡಾರದ ಅರಿಶಿನ ಹಚ್ಚಿದರು. ಫ್ಯಾನಿನೊಳಗೂ ಒಂದು ಚಿಟಿಕೆ ಹಾಕಲು ಹೊರಟಾಗ ನಾನು ಕೈ ಮುಗಿದು ತಡೆದೆ. ಮೊದಲ ವಾರ ನಾವು ಕಳಿಸಿದ್ದೆಲ್ಲ ಕೊಚ್ಚಿಯವರ ಕಸದಬುಟ್ಟಿಗೆ ಹೋಗಿ ಬಿತ್ತು. ಈಮೇಲ್ ಲೋಕದಲ್ಲೂ ಹೊಸಬ ಬಂದರೆ ನೀನು ಯಾರ ಪೈಕಿ, ಯಾವ ಊರು ಎಂದು ವಿಚಾರಿಸುತ್ತಾರೆ. ನೆಟ್ ಕೊಟ್ಟವರ ಬೆನ್ನು ಹತ್ತಿ ನಮ್ಮ ವಿಳಾಸಕ್ಕೆ ನಮ್ಮ ಹೆಸರು ಅಂಟಿಸುವಷ್ಟರಲ್ಲಿ ನನ್ನ ಅರ್ಧ ಕೂದಲು ಹೋಗಿತ್ತು.

ಸರ್ವರ್ ನಡೆಯತೊಡಗಿದ ಮೇಲೆ ಮೀನಾಕ್ಷಿಯವರು ಕೇಳಿದರು, "ಶಶಿಕಾಂತಣ್ಣ, ಇದರಾಗ ಎಷ್ಟು ಮಂದಿಗೆ ವಿಳಾಸ ಮಾಡಬಹುದು?"

"ಎಷ್ಟ ಬೇಕಾದ್ರೂ ಮಾಡ್ರಿ ಅಕ್ಕಾರ. ರೊಕ್ಕ ಬೀಳೂದಿಲ್ಲ."

ಸಾಹುಕಾರರ ಮುಖ ಅರಳಿತು. ಪುಕ್ಕಟೆ ಅಂದರೆ ಅವರಿಗೆ ಬೇಡ ಅನ್ನಲು ಬರುವುದಿಲ್ಲ. ತಮಗೊಂದು ಮಾಡಿಸಿದರು. ಗೋದಾಮಿಗೊಂದು. ಅಕ್ಷರ ಬಾರದ ದೇವವ್ವನಿಗೊಂದು. ತೂಕದ ಲೆಕ್ಕ ಬರುತ್ತದೆ ಎಂದು ತಕ್ಕಡಿಗೂ ಒಂದು.

"ನನಗೂ ಒಂದು ಮಾಡಿಸ್ರಿ. ನನ್ನ ಹೆಸರಿನ್ಯಾಗ. ಬರಿಯಾಕಿ ನಾನು, ಕೆಳಗ ನನ್ನ ಹೆಸರ ಇರಲಿ," ಅಂದರು ಮೀನಾಕ್ಷಿಯವರು.

"ನಿನಗ್ಯಾಕ? ನಾ ಬ್ಯಾರೆ, ನೀ ಬ್ಯಾರೆ ಏನು? ಮಂದಿ ಏನಂದಾರು, ಅಂಗಡಿ ಹೆಂಗಸು ನಡಸತಾಳಂತ?"

ಅಂಗಡಿಯನ್ನು ಹೆಂಗಸೇ ನಡೆಸುತ್ತಿದ್ದಳಲ್ಲ ಎಂದು ನನ್ನ ನಾಲಿಗೆ ತುದಿಗೆ ಬಂದಿತ್ತು. ಗಿರಾಕಿ ದೇವರು ಎಂದು ನುಂಗಿಕೊಂಡೆ, ಆಮೇಲೆ ನಾಚಿಕೆಯಾಯಿತು. ತಕ್ಕಡಿಗೆ ಈಮೇಲ್ ಸಿಕ್ಕಿತು, ಮೀನಾಕ್ಷಿಯವರಿಗೆ ಸಿಗಲಿಲ್ಲ. ಅವರ ಮುಖ ಸಣ್ಣಗಾದದ್ದನ್ನು ನಾನು ನೋಡಿದೆ. ಸಾಹುಕಾರರು ನೋಡಲಿಲ್ಲ.

ಕೊನೆಗೆ ಎಲ್ಲಕ್ಕೂ ದೊಡ್ಡ ಕೀಲಿ, ಅಂದರೆ ಸರ್ವರಿನ ಪಾಸ್‌ವರ್ಡ್ ಇಡಬೇಕಿತ್ತು. "ನಿನ್ನ ಕಡೆ ಕೊಟ್ರ ಟಪಾಲು ನಮ್ಮದು ಹೆಂಗಾಗತೈತಿ?" ಎಂದು ಸಾಹುಕಾರರು ನನ್ನನ್ನು ದೂರ ನಿಲ್ಲಿಸಿದರು. ತಮಗೆ ನೆನಪಿರುವುದಿಲ್ಲ ಎಂದು ಹೆಂಡತಿಯ ಕೈಲಿ ಇಡಿಸಿದರು. ಮೀನಾಕ್ಷಿಯವರು ಒಂದು ಕ್ಷಣ ಗಂಡನ ಕಡೆ ನೋಡಿ ಟಪಟಪ ಹೊಡೆದರು. ಆ ಕೀಲಿ ಅಂಗಡಿಯ ಕಂಪ್ಯೂಟರಿನಲ್ಲಿ ಮಾತ್ರ ನಡೆಯಬೇಕು, ಹೊರಗಿನಿಂದ ಯಾರೂ ತೆರೆಯಬಾರದು ಎಂಬುದೂ ಸಾಹುಕಾರರದೇ ಅಪ್ಪಣೆ. ಸಾಲದ್ದಕ್ಕೆ ಕೊಚ್ಚಿಗೆ ಒಂದು ಪತ್ರವನ್ನೂ ಬರೆಸಿದರು: ಇನ್ನು ಮುಂದೆ ಈ ವಿಳಾಸ ಬಿಟ್ಟು ಬೇರೆಲ್ಲಿಂದ ದರ ಬಂದರೂ ಅದು ಕಳ್ಳರದು ಎಂದು ತಿಳಿಯಿರಿ.

ಆ ತಿಂಗಳೇ ಮೀನಾಕ್ಷಿಯವರು ಹಾವೇರಿಯ ತವರಿಗೆ ಹೋದರು. ಅಣ್ಣನ ಸೊಸೆಯ ಕುಬಸ, ಅಂದರೆ ಸೀಮಂತ. ಅದೇ ದಿನ ಕೊಚ್ಚಿಯವರು ಸಂಜೆ ಐದರೊಳಗೆ ದರ ಕಳಿಸಿ ಎಂದರು. ಆ ವರ್ಷದ ದೊಡ್ಡ ಆರ್ಡರು ಅದು. ಸಾಹುಕಾರರು ಎಂದಿಲ್ಲದೆ ತಾವೇ ಕಂಪ್ಯೂಟರಿನ ಮುಂದೆ ಕೂತರು. ತಮ್ಮ ಪಾಸ್‌ವರ್ಡನ್ನು ತಪ್ಪಾಗಿ ಹೊಡೆದರು. ಮತ್ತೆ ಹೊಡೆದರು. ಸಿಟ್ಟಿಗೆದ್ದು ಕಂಡ ಕಂಡ ಗುಂಡಿ ಕುಟ್ಟಿದರು. ಸರ್ವರ್ ಅವರನ್ನೇ ಕಳ್ಳ ಎಂದು ತಿಳಿದು ಅವರ ವಿಳಾಸಕ್ಕೆ ಬೀಗ ಜಡಿಯಿತು. ನನ್ನ ಕೆಲಸ ಅಷ್ಟು ಅಚ್ಚುಕಟ್ಟು.

ನಾನು ರಾಣೇಬೆನ್ನೂರಿನಿಂದ ಬೈಕಿನಲ್ಲಿ ಬಂದು ತಲುಪಿದಾಗ ನಾಲ್ಕು ದಾಟಿತ್ತು. ಆ ಬೀಗ ತೆಗೆಯಲು ದೊಡ್ಡ ಕೀಲಿಯೇ ಬೇಕು. ಯಂತ್ರ ಬಿಚ್ಚಿ ದಾರಿ ಮಾಡಬಹುದಿತ್ತು, ಅದಕ್ಕೆ ರಾತ್ರಿಯಾಗುತ್ತಿತ್ತು. ಸಾಹುಕಾರರು ಹೆಂಡತಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು. ಹಿಂದೆ ಹೆಂಗಸರ ಗದ್ದಲ, ಬಳೆ ಸದ್ದು.

"ಏ, ಕೇಳಿಲ್ಲಿ. ಆ ದೊಡ್ಡ ಪಾಸ್‌ವರ್ಡ್ ಏನದು? ಲಗೂ ಹೇಳು."

ಅತ್ತ ಕಡೆಯಿಂದ ಮೆಲ್ಲಗೆ, "ಅಯ್ಯ, ಅದನ್ನ ಬಾಯಿ ಬಿಟ್ಟು ಹೆಂಗ ಹೇಳಲಿ? ಅತ್ತಿಯಾರು ಅಲ್ಲೇ ಕುಂತಿರಬೇಕು."

ಸಾಹುಕಾರರ ಕಿವಿ ಕೆಂಪಾದವು. ಮೀಸೆ ತಾನೇ ಮೇಲೆದ್ದಿತು. ಗಾದಿಯ ಮೇಲೆ ಕೂತಿದ್ದ ದೇವವ್ವನಿಗೆ ಒಂದು ಕಿವಿ ಮಂದ, ಪಾಸ್‌ವರ್ಡ್ ತನ್ನ ಹೆಸರೇ ಎಂದು ಮಗ ಜೋರಾಗಿ ತಿಳಿಸಿದ ಮೇಲೆ ಅವರೂ ಹಿಗ್ಗಿದರು. "ನೋಡೋ ತಮ್ಮಾ, ಎಂಥಾ ಸಂಸ್ಕಾರ. ಈಗಿನ ಹುಡಿಗ್ಯಾರು ಗಂಡನ ಹೆಸರ ಹಿಡದು ಏಕವಚನದಾಗ ಕರಿತಾವು. ನಮ್ಮ ಸೊಸಿ ಫೋನಿನ್ಯಾಗ ಸುದ್ದಾ ಹೇಳೂದಿಲ್ಲ."

ಸರಿ, ಗಂಡನ ಹೆಸರೇ ಎಂದಾಯಿತು. ಪುಣ್ಯಕ್ಕೆ ದೊಡ್ಡ ಕೀಲಿಯನ್ನು ಎಷ್ಟು ಸಲ ತಪ್ಪು ಹೊಡೆದರೂ ಬೀಗ ಬೀಳುತ್ತಿರಲಿಲ್ಲ. ನಾನು ಹೊಡೆದೆ. ಬಾಗಿಲು ತೆರೆಯಲಿಲ್ಲ. ಐ ಬದಲು ವೈ ಹಾಕಿದೆ. ಕೊನೆಗೊಂದು ಎ ಸೇರಿಸಿದೆ. ಹಿಂದೆ ಅಡ್ಡಹೆಸರು ಹಚ್ಚಿದೆ. "ಅಕಿ ಪ್ರೀತಿಲೆ ಮೈಲಾರಿ ಅಂತ ಇಟ್ಟಿರಬಹುದು, ನೋಡು," ಎಂದು ಸಾಹುಕಾರರು ನಾಚಿಕೊಂಡೇ ಹೇಳಿದರು. ಅದೂ ಅಲ್ಲ. ಗಡಿಯಾರದ ಮುಳ್ಳು ಐದರ ಕಡೆ ಹೋಗುತ್ತಿತ್ತು. ಹೊರಗೆ ಶೇಖಪ್ಪ ಎರಡು ಸಲ ಸುಮ್ಮನೆ ಹಾದುಹೋದ. ಸಾಹುಕಾರರ ಹಣೆಯಲ್ಲಿ ಬೆವರು.

ದೇವವ್ವ ಉಪಾಯ ಹೇಳಿದರು. "ಒಡಪು ಹಾಕಿ ಹೇಳಂತನ್ನೋ ಅಕಿಗೆ. ಒಡಪಿನ್ಯಾಗ ಹೇಳಿದ್ರ ದೋಷ ಇಲ್ಲ."

ನಮ್ಮ ಕಡೆ ಗಂಡನ ಹೆಸರನ್ನು ಹೆಂಗಸರು ಹೇಳಲೇಬೇಕಾದಾಗ ಪ್ರಾಸ ಕಟ್ಟಿ, ಪ್ರಾಸದ ಕೊನೆಗೆ ಅದನ್ನು ತೂರಿಸಿಬಿಡುತ್ತಾರೆ. ಕುಬಸದ ಮನೆಯಲ್ಲಂತೂ ಅದೇ ಆಟ. ಮತ್ತೆ ಫೋನ್ ಹಚ್ಚಿದೆವು. ಹಾವೇರಿಯಲ್ಲಿ ಹೆಂಗಸರೆಲ್ಲ ಗಪ್ಪಾದದ್ದು ಇಲ್ಲಿಗೆ ತಿಳಿಯಿತು. ಮೀನಾಕ್ಷಿಯವರು ಗಂಟಲು ಸರಿಮಾಡಿಕೊಂಡರು.

"ಮೆಣಸಿನಕಾಯಿ ಕೆಂಪಗೈತಿ, ಖಾರದ ಡಬ್ಬಿ ಖಾಲಿ,
ಮೀಸಿ ತಿರುವಿ ಕುಂತಾರ, ಕಲ್ತಿದ್ದು ದೊಡ್ಡ ಸಾಲಿ,
ತಕ್ಕಡಿಗೂ ವಿಳಾಸ ಕೊಟ್ರು, ನನ್ನ ಪಾಲಿಗೆ ಜಾಲಿ,
ಗುಟ್ಟಿನ ಮಾತ ಕೇಳಾಕತ್ತಾರ ನಮ್ಮ ಮನಿಯ..."

ಅಷ್ಟಕ್ಕೇ ನಿಲ್ಲಿಸಿದರು. ಹಾವೇರಿಯ ಹೆಂಗಸರು ಬಿದ್ದು ಬಿದ್ದು ನಕ್ಕರು.

"ಮೈಲೇಶ!" ಎಂದು ಸಾಹುಕಾರರು ತಾವೇ ಮುಗಿಸಿದರು. "ಅದನ್ನ ಹೊಡದೇವಲ್ಲ ಶಶಿಕಾಂತ, ಯಾಕ ತೆರೀಲಿಲ್ಲ?"

ನನಗೆ ಹೊಟ್ಟೆಯೊಳಗೆ ನಗು ಎದ್ದಿತ್ತು. ಖಾಲಿ, ಸಾಲಿ, ಜಾಲಿ ಆದಮೇಲೆ ಮೈಲೇಶ ಎಲ್ಲಿಂದ ಬರಬೇಕು? ಆ ಪ್ರಾಸಕ್ಕೆ ಕೂಡುವ, ಪೆದ್ದರನ್ನು ಬಯ್ಯುವ ಮಾತು ನಮ್ಮ ಸೀಮೆಯಲ್ಲಿ ಒಂದೇ ಇದೆ, ಅದನ್ನು ಹೆತ್ತ ತಾಯಿಯ ಮುಂದೆ ಹೇಳುವ ಧೈರ್ಯ ನನಗೂ ಇರಲಿಲ್ಲ. ಕೀಬೋರ್ಡನ್ನು ಅವರ ಕಡೆ ಸರಿಸಿದೆ. "ನೀವ ಹೊಡೀರಿ ಸಾವಕಾರ್ರ. ನಾ ಒಂದೊಂದ ಅಕ್ಷರ ಹೇಳತೇನಿ."

ಎಚ್ ಅಂದೆ. ಯು ಅಂದೆ. ಅವರು ಒಂದೇ ಬೆರಳಿನಲ್ಲಿ ಗುಂಡಿ ಹುಡುಕುತ್ತ ಹೊಡೆದರು. ಪರದೆಯ ಮೇಲೆ ಬರೀ ಚುಕ್ಕೆ ಕಾಣುತ್ತಿದ್ದವು. ಅರ್ಧಕ್ಕೆ ಬಂದಾಗ ಅವರ ತುಟಿ ತಾನಾಗಿ ಕೂಡಿಸಿ ಓದತೊಡಗಿತು. ಹುಚ್... ಹುಚ್ಚ... ಬೆರಳು ನಿಂತಿತು. ನನ್ನ ಕಡೆ ನೋಡಿದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ. ಉಳಿದದ್ದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಪ್ಯಾಲಿ ಎಂದು ತಾವೇ ಹೊಡೆದು ಮುಗಿಸಿದರು.

ಬಾಗಿಲು ತೆರೆಯಿತು.

ಬೀಗ ತೆಗೆದೆ. ಫೋನಿನಲ್ಲಿ ಮೀನಾಕ್ಷಿಯವರು ಹೇಳಿದಂತೆ ದರ ಟೈಪ್ ಮಾಡಿದೆ. ಐದಕ್ಕೆ ಮೊದಲೇ ಕೊಚ್ಚಿಗೆ ಹೋಯಿತು. ಅವರಿಂದ ತಕ್ಷಣ ಉತ್ತರವೂ ಬಂತು: ಮೈಲೇಶ ಸಾಹೇಬರೆ, ಎಂದಿನಂತೆ ನಿಮ್ಮ ಪತ್ರ ಬಹಳ ಸ್ಪಷ್ಟವಾಗಿದೆ. ನಾನು ಅದರ ಅರ್ಥ ಹೇಳಿದೆ. ಸಾಹುಕಾರರು ಈ ಸಲ ಮೀಸೆ ಮುಟ್ಟಲಿಲ್ಲ. ಫೋನ್ ಇನ್ನೂ ಚಾಲೂ ಇತ್ತು, ಆ ತುದಿಯಲ್ಲಿ ನಗು ನಿಂತಿತ್ತು. ಮೀನಾಕ್ಷಿಯವರು ಉಸಿರು ಬಿಡುವುದು ಕೂಡ ಕೇಳಿಸುತ್ತಿತ್ತು. ಹೆದರಿದ್ದರು ಅಂತ ಕಾಣುತ್ತದೆ.

"ಶಶಿಕಾಂತ," ಅಂದರು ಸಾಹುಕಾರರು, "ಇನ್ನೊಂದು ವಿಳಾಸ ಮಾಡು."

"ಯಾರ ಹೆಸರಿನ್ಯಾಗ್ರಿ?"

ಮದುವೆಯಾದಾಗಿನಿಂದ ಏ, ಕೇಳಿಲ್ಲಿ, ಇಕಿ ಎಂದೇ ಕರೆದ ಮನುಷ್ಯ. ಬಾಯಿ ತೆರೆದರು, ಮುಚ್ಚಿದರು. ಆಮೇಲೆ ಹರಾಜಿನಲ್ಲಿ ದರ ಕೂಗುವ ದನಿಯಲ್ಲಿ, ಮಂದ ಕಿವಿಗೂ ಕೇಳಿಸುವಂತೆ ಹೇಳಿದರು. "ಮೀನಾಕ್ಷಿ."

ಫೋನಿನ ಆ ತುದಿಯಲ್ಲಿ ಯಾರದೋ ಬಳೆ ಸದ್ದಾಯಿತು.

ದೇವವ್ವ ಗದ್ದಕ್ಕೆ ಕೈ ಹಚ್ಚಿದರು. "ಏ ಮೈಲ್ಯಾ! ನಾಕು ಮಂದಿ ಮುಂದ ಹೆಂಡ್ತಿ ಹೆಸರ ಹಿಡದು ಕೂಗತಿಯಲ್ಲೋ, ನಾಚಿಕಿ ಬರೂದಿಲ್ಲ?"

"ಇರಲಿ ಬಿಡಬೇ," ಅಂದರು ಸಾಹುಕಾರರು. "ಅಕಿ ನನ್ನ ಹೆಸರ ಹೇಳ್ಯಾಳ. ನಾ ಅಕಿದು ಹೇಳಬಾರದೇನು?"