ಚಮಚಕ್ಕೊಂದು ಭಾಷೆ

ಚಮಚ ತುಟಿಯ ಹತ್ತಿರ ಹೋಗಿದ್ದೇ ತಡ, ಒಂದು ಗಳಿಗೆ ಮರಗಟ್ಟಿ ನಿಂತು, ಆಮೇಲೆ ಪಟಕ್ಕನೆ ಎಗರಿತು. ಕುಂಬಳಕಾಯಿ ಸೂಪೆಲ್ಲ ತಬಾರೆಯ ಅಂಗಿಯ ಮೇಲೆ.

"ನಿನ್ನ ಚಮಚಕ್ಕೆ ನನಗಿಂತ ಜಾಸ್ತಿ ನಡುಕ ಕಣೇ ಮುದ್ಕಿ," ಎಂದು ಅವನು ನಕ್ಕ. ಹೆಂಡತಿ ನೆಲ್ವಾಗೆ ನಗು ಬರಲಿಲ್ಲ.

ಪಾಯ್ಸಂಡೂ ಊರಿನ ಅರ್ಧಕ್ಕರ್ಧ ಗಂಡಸರ ಗಡ್ಡ ಹೆರೆದ ಕೈ ತಬಾರೆಯದು. ನಡುಕದ ಕಾಯಿಲೆ ಬಂದು ಕ್ಷೌರದಂಗಡಿ ಮುಚ್ಚಿದಾಗಲೂ ತಬಾರೆ ಗೊಣಗಿರಲಿಲ್ಲ. ಆದರೆ ಒಂದು ಭಾನುವಾರ ಮಗಳ ಮನೆಯಲ್ಲಿ, ಮೊಮ್ಮಕ್ಕಳೆದುರೇ ಅಳಿಯ ತುತ್ತು ತಿನ್ನಿಸಲು ಬಂದ. ಅಂದಿನಿಂದ ಹೊಟ್ಟೆ ಸರಿಯಿಲ್ಲವೆಂದು ಹೇಳಿ, ಎಲ್ಲರ ಜೊತೆ ಊಟಕ್ಕೆ ಕೂರುವುದನ್ನೇ ಬಿಟ್ಟುಬಿಟ್ಟ.

ಆಗಲೇ ನೆಲ್ವಾ ಈ ಚಮಚದ ಹಿಂದೆ ಬಿದ್ದದ್ದು. ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತಳಾದ ಮೇಲೆ ಹವ್ಯಾಸಕ್ಕೆಂದು ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿತಿದ್ದಳು. ಚಮಚದ ಹಿಡಿಯೊಳಗೆ ಎರಡು ಪುಟ್ಟ ಮೋಟಾರು, ಅಲುಗಾಟ ಅಳೆಯುವ ಸೆನ್ಸರು ಕೂರಿಸಿ, ಅಂಗೈಯಗಲದ ಕಂಪ್ಯೂಟರಿಗೆ ತಂತಿ ಎಳೆದಿದ್ದಳು. ಕೈ ಎಡಕ್ಕೆ ನಡುಗಿದರೆ ಚಮಚ ಆ ಕ್ಷಣವೇ ಬಲಕ್ಕೆ ಸರಿಯಬೇಕು. ಬಹಳ ಸಲ ಸರಿಯುತ್ತಿತ್ತು. ಆಗೊಮ್ಮೆ ಈಗೊಮ್ಮೆ ತಡಮಾಡುತ್ತಿತ್ತು.

ಅದನ್ನು ಹವ್ಯಾಸಿ ರೇಡಿಯೊ ಸಂಘಕ್ಕೆ ಒಯ್ದಳು. ಅಲ್ಲಿನ ದಾರ್ದೊ ‘ಮಾತೆ’ ಎಂಬ ಎಲೆಚಹಾ ಹೀರುತ್ತಾ ಎಲ್ಲವನ್ನೂ ನೋಡಿದ.

"ನಿನ್ನ ಪ್ರೋಗ್ರಾಮಲ್ಲಿ ತಪ್ಪಿಲ್ಲ ನೆಲ್ವಾ. ಆದ್ರೆ ಈ ಕಂಪ್ಯೂಟರ್ ನಮ್ಮ ಬೀದಿ ಅಂಗಡಿ ಚೋಲಾ ಥರ. ಬ್ರೆಡ್ ಕೇಳಿದ್ರೆ, ಮೊದ್ಲು ಫೋನ್ ಮುಗಿಸಿ, ಬೆಕ್ಕಿಗೆ ಹಾಲಿಟ್ಟು, ಆಮೇಲೆ ಕೊಡ್ತಾಳೆ. ಪೈಥಾನೂ ಅಷ್ಟೆ, ನಡುನಡುವೆ ತನ್ನ ಮನೆ ಕಸ ಗುಡಿಸ್ಕೊಳ್ಳುತ್ತೆ. ಚಮಚಕ್ಕೆ ಅಷ್ಟು ಪುರುಸೊತ್ತೆಲ್ಲಿದೆ?"

ಡ್ರಾಯರಿನಿಂದ ಹೆಬ್ಬೆರಳಿನಷ್ಟೇ ಇದ್ದ ಬೋರ್ಡೊಂದನ್ನು ತೆಗೆದ. "ಇದು ಹೇಳಿದ್ದೊಂದೇ ಕೆಲಸ ಮಾಡೋದು, ಬೇರೆ ಯೋಚ್ನೆ ಇಲ್ಲ. ಆದ್ರೆ ಸಿ ಭಾಷೇಲಿ ಬರೀಬೇಕು."

"ಈ ವಯಸ್ಸಲ್ಲಿ ಇನ್ನೊಂದು ಭಾಷೆನಾ? ಪೈಥಾನ್ ಕಲಿಯೋಷ್ಟರಲ್ಲೇ ಕೂದಲೆಲ್ಲ ಉದುರಿಹೋಯ್ತು!"

"ಕ್ಷೌರಿಕನ ಹೆಂಡ್ತಿಗೆ ಕೂದಲ ಚಿಂತೆಯಂತೆ! ಬಾ, ಸಂಜೆ ಹೊತ್ತು ಕೂರೋಣ."

ಚಳಿಗಾಲವಿಡೀ ಕೂತರು. ಒಂದು ಅರ್ಧವಿರಾಮ ಬಿಟ್ಟುಹೋದರೂ ಸಿ ಮುನಿಸಿಕೊಳ್ಳುತ್ತಿತ್ತು. ದಾರ್ದೊ ಒಮ್ಮೆಯೂ ಅವಳ ಕೀಬೋರ್ಡ್ ಮುಟ್ಟಲಿಲ್ಲ; ಅವಳು ಸಿಡುಕಿದಾಗ ಎದ್ದು ನೀರು ಕಾಯಿಸುತ್ತಿದ್ದ. ಬೋರ್ಡಿನ ಗಡಿಯಾರವನ್ನು ತಾಳದಂತೆ ನೋಡಿದ ದಿನ ಅವಳಿಗೆ ಗಂಟೆಲ್ಲ ಬಿಚ್ಚಿಕೊಂಡಿತು. ಪ್ರತಿ ತಾಳಕ್ಕೂ ಒಮ್ಮೆ ಅಳೆ, ಒಮ್ಮೆ ತಿರುಗಿಸು. ತಾಳ ಮಾತ್ರ ತಪ್ಪಬೇಡ. ಶಾಲೆಯ ಮಕ್ಕಳಿಗೆ ಜೀವನಪೂರ್ತಿ ಹೇಳಿದ್ದೂ ಅದನ್ನೇ.

"ನಿನ್ನ ಋಣ ಹೇಗೆ ತೀರಿಸ್ಲಿ ದಾರ್ದೊ?"

"ನನ್ನ ಮದುವೆ ದಿನ ಗಡ್ಡ ಹೆರೆದಿದ್ದು ತಬಾರೆ. ನಾನೇ ಗಡಗಡ ನಡುಗ್ತಿದ್ದೆ, ಆದ್ರೂ ಒಂದು ಗೀರು ಬೀಳ್ಲಿಲ್ಲ. ನಡಿ ನಡಿ, ಹೊತ್ತಾಯ್ತು."

ಆ ಭಾನುವಾರ ತಬಾರೆ ಹೊಸ ಚಮಚ ಹಿಡಿದು, ಬಹಳ ದಿನದ ಮೇಲೆ ಮಗಳ ಮನೆಯಲ್ಲಿ ಎಲ್ಲರ ಜೊತೆ ಊಟಕ್ಕೆ ಕೂತ. ಉಳಿದವರೆಲ್ಲ ತಮ್ಮ ತಮ್ಮ ತಟ್ಟೆಗಳನ್ನೇ ದಿಟ್ಟಿಸುತ್ತಾ ಕೂತಿದ್ದರು. ತಬಾರೆ ಸೂಪಿಗೆ ಚಮಚ ಅದ್ದಿ ಎತ್ತಿದ. ಹಿಡಿ ನಡುಗುತ್ತಿತ್ತು, ಚಮಚದ ಗುಳಿ ಮಾತ್ರ ನೀರಮೇಲಿನ ಎಲೆಯ ಹಾಗೆ ಸಮನಾಗಿ ತೇಲಿ ಬಾಯಿ ಸೇರಿತು. ನುಂಗಿದ. ಮತ್ತೆ ಚಮಚ ತುಂಬಿ, ಈ ಸಲ ನೆಲ್ವಾಳ ಕಡೆ ಚಾಚಿದ.

"ಉಪ್ಪು ಸಾಕಾ ನೋಡೇ."

ಅವಳು ಮುಂದಕ್ಕೆ ಬಾಗಿ ಬಾಯಿ ತೆರೆದಳು. ಚೆಲ್ಲಿದರೆ ಹಿಡಿಯಲೆಂದು ಮಗಳು ಕೆಳಗೆ ಒಡ್ಡಿದ ಅಂಗೈ ಒಣಗಿಯೇ ಇತ್ತು. ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಮಗಳಿಗೆ ಮರೆತೇಹೋಗಿತ್ತು.